ಕಲಾವತಿ ಕಟ್ಟಿದ ಪದ

ನೀಲಿ ಕಾಲರುಗಳ ಮೇಲೆ ಬಿಸಿಲಿನ ಒಂದು ಚೌಕ ಬಿದ್ದಿದೆ, ಮೆಲ್ಲಗೆ ಸರಿಯುತ್ತಿದೆ, ಹಾಗಾದರೆ ಹನ್ನೊಂದಾಗಿರಬೇಕು, ಹನ್ನೊಂದಕ್ಕೆ ಬಿಸಿಲು ಕಲಾವತಿಯ ಮಿಷನ್ನಿಗೆ ಬರುತ್ತದೆ, ಹನ್ನೆರಡು ವರ್ಷದಿಂದ ಹೀಗೇ, ಹೆಗ್ಗನಹಳ್ಳಿಯ ಈ ಗಾರ್ಮೆಂಟ್ಸಿನ ಎರಡನೇ ಮಹಡಿಯಲ್ಲಿ, ಗಂಟೆಗೆ ನೂರು ಕಾಲರು, ಇವತ್ತು ಅರವತ್ತೂ ಆಗಿಲ್ಲ, ಪಕ್ಕದ ಮಿಷನ್ನು ಖಾಲಿ — ಅತ್ತ ನೋಡಬಾರದು — ನಿನ್ನೆಯವರೆಗೆ ಅಲ್ಲಿ ಶಿಲ್ಪಾ ಕೂತು ತೋಳಿನ ಪಟ್ಟಿ ಹೊಲಿಯುತ್ತಿದ್ದಳು, ಅಕ್ಕಾ ಇವತ್ತು ಊಟಕ್ಕೇನ್ ತಂದಿದೀರ ಅಂತ ಹತ್ತು ಗಂಟೆಗೇ ಕೇಳುತ್ತಿದ್ದಳು. ಬಾಯಿ ಒಣಗಿದೆ, ಬಾಟಲಿಯಲ್ಲಿ ನೀರಿದೆ, ಬೇಡ, ಕುಡಿದರೆ ಟಾಯ್ಲೆಟ್ಟಿಗೆ ಎದ್ದು ಹೋಗಬೇಕು, ಹೋಗಲು ಟೋಕನ್ ಬೇಕು, ನಲವತ್ತು ಹೆಂಗಸರ ಸಾಲಿಗೆ ಎರಡೇ ಟೋಕನ್ನು, ಸೂಪರ್‌ವೈಸರ್ ಕೊಟ್ರೇಶನ ಮುಂದೆ ನಿಂತು ಎಲ್ಲರೂ ನೋಡುತ್ತಿರುವಾಗ ಕೇಳಬೇಕು, ಐದೇ ನಿಮಿಷ ಕಣಮ್ಮ, ಗಡಿಯಾರ ನೋಡ್ತಿರ್ತೀನಿ. ಈ ಟೋಕನ್ ತೆಗೀರಿ ಅಂತ ಮೂರು ಸಲ ಅರ್ಜಿ ಕೊಟ್ಟಾಗಿತ್ತು. ಅರ್ಜಿಗೆ ಯಾರೂ ಹೆದರಲಿಲ್ಲ, ಪದಕ್ಕೆ ಹೆದರಿದರು, ಎಂಥ ವಿಚಿತ್ರ, ಮೂರು ಸಾಲಿನ ಪದ, ಮಿಷನ್ನಿನ ಸದ್ದಿಗೆ ತಾನಾಗಿ ಬಾಯಿಗೆ ಬಂದಿದ್ದು — ನೂರು ಕಾಲರು ಕೇಳೋ ಸೂಪರ್‌ವೈಸರಣ್ಣ, ನೀರು ಕುಡಿಯೋದಕ್ಕೂ ಹೆದರ್ತೀವಿ ಕಣಣ್ಣ, ಆರು ಗಂಟೆಗಾದ್ರೂ ಬಿಡು ನಮ್ಮ — ಧಾಟಿ ಮಾತ್ರ ಅವ್ವನದು, ಮಾಗಡಿ ಕಡೆಯ ಊರಲ್ಲಿ ಅವ್ವ ಹನುಮವ್ವ ರಾಗಿ ಬೀಸುತ್ತ ಹಾಡಿಕೊಳ್ಳುತ್ತಿದ್ದದ್ದು, ಅತ್ತೆಗೆ ಎದುರು ಹೇಳಲಾಗದ್ದನ್ನೆಲ್ಲ ಅವಳು ಬೀಸುಕಲ್ಲಿಗೆ ಹೇಳುತ್ತಿದ್ದಳು, ಅಜ್ಜಿ ಒಳಗಿನಿಂದ ಕೇಳಿಸಿಕೊಂಡರೂ ಬೈಯುವಂತಿರಲಿಲ್ಲ, ಪದ ಅಲ್ಲವೇ, ಪದ ಯಾರದ್ದೂ ಅಲ್ಲ.

ಅಕ್ಕಾ ಇನ್ನೊಂದ್ಸಲ ಹೇಳಿ, ಸಖತ್ತಾಗಿದೆ, ಎಂದಿದ್ದಳು ಶಿಲ್ಪಾ, ಸೋಮವಾರ ಸಂಜೆ ಗೇಟಿನ ಮುಂದೆ ಇನ್ನೂರು ಹೆಂಗಸರು ಧರಣಿ ಕೂತಾಗ ಎದ್ದು ನಿಂತು ಹಾಡಿಯೇ ಬಿಟ್ಟಳು, ಅವಳು ಒಂದು ಸಾಲು, ಎಲ್ಲರೂ ಒಂದು ಸಾಲು, ಕಲಾವತಿ ಹಿಂದೆಲ್ಲೋ ಸೆರಗು ಬಾಯಿಗೆ ಹಿಡಿದು ಕೂತಿದ್ದಳು, ಮೈ ಜುಮ್ಮೆಂದಿತ್ತು, ಯಾರೋ ಮೊಬೈಲಲ್ಲಿ ಹಿಡಿದರು, ರಾತ್ರಿಯೊಳಗೆ ಅದು ಸುಂಕದಕಟ್ಟೆಯವರೆಗೂ ಹೋಗಿತ್ತು. ಮತ್ತೆ ನಿನ್ನೆ, ಆಫೀಸಿನ ತಣ್ಣನೆಯ ರೂಮು, ಶಿಲ್ಪಾಳನ್ನೂ ಪಕ್ಕದ ಮಿಷನ್ನಿನವಳೆಂದು ಕಲಾವತಿಯನ್ನೂ ನಿಲ್ಲಿಸಿಕೊಂಡು ಮ್ಯಾನೇಜರ್ ಗೋಪೀನಾಥ್ ಸಾರ್, ಹಾಡಿದ್ದು ಬಿಡಿ, ಕಟ್ಟಿದ್ಯಾರು ಹೇಳ್ರಮ್ಮ, ದನಿ ಏರಿಸದೆ, ಅದೇ ಹೆಚ್ಚು ಹೆದರಿಕೆ, ಕಲಾವತಿಯ ಕಣ್ಣು ಮೇಜಿನ ಮೇಲಿನ ಕ್ಯಾಲೆಂಡರಿಗೆ ಅಂಟಿತ್ತು, ಮಗಳು ವಚನಾಳ ಪಿಯುಸಿ ಪರೀಕ್ಷೆಗೆ ಇನ್ನು ಹದಿನೆಂಟು ದಿನ, ಅವಳಪ್ಪ ಹೋದ ಮೇಲೆ ಮನೆಯಲ್ಲಿ ದುಡಿಯುವ ಕೈ ಇದೊಂದೇ, ಹೇಳು, ಹೇಳು — ನಾನೇ ಸಾರ್, ಎಂದಳು ಶಿಲ್ಪಾ. ನಾಳೆಯಿಂದ ಬರೋದು ಬೇಡ. ಅಷ್ಟೇ. ಮೆಟ್ಟಿಲ ಮೇಲೆ, ಯಾಕೇ ಹಂಗಂದೆ, ಅಯ್ಯೋ ನಂದೇನಕ್ಕ, ನಿಮಗೆ ವಚನಾ ಇದಾಳಲ್ಲ. ಪದ ಯಾರದ್ದೂ ಅಲ್ಲ ಎಂದು ಬೆಳಗಿನಿಂದ ನೂರು ಸಲ ಹೇಳಿಕೊಂಡಾಯಿತು, ನಿಜವೇ, ಪದ ಎಲ್ಲರದು, ಕೆಲಸ ಕಳಕೊಂಡವಳು ಮಾತ್ರ ಒಬ್ಬಳು, ಅವ್ವನ ಪದಕ್ಕೆ ಯಾರೂ ಪೆಟ್ಟು ತಿನ್ನಲಿಲ್ಲ —

ಕರೆಂಟು ಹೋಯಿತು. ಇನ್ನೂರು ಮಿಷನ್ನು ಒಮ್ಮೆಲೇ ಸುಮ್ಮನಾದವು, ಕಿವಿಯೊಳಗೆ ಗುಂಯ್ ಎನ್ನುತ್ತಿದೆ, ಅದರಾಚೆ ರಸ್ತೆಯಿಂದ ಒಂದು ದನಿ, ತೆಳ್ಳಗೆ, ನೂರು ಕಾಲರು ಕೇಳೋ, ಅವಳೇ, ಕಲಾವತಿ ಯಾವಾಗ ಎದ್ದಳೋ ಕಿಟಕಿಗೆ ಬಂದಿದ್ದಾಳೆ, ಜಾಲರಿಯ ಕೆಳಗೆ, ಗೇಟಿನಾಚೆ, ಎಳನೀರಿನ ಗಾಡಿಯ ಪಕ್ಕ ಒಬ್ಬಳೇ ಶಿಲ್ಪಾ, ಒಂದು ಸಾಲು ಹಾಡಿ ತಾಳಕ್ಕೆ ಬಲಗೈ ಎತ್ತಿ ನಿಂತಿದ್ದಾಳೆ, ಎಲ್ಲರೂ ತಿರುಗಿ ಹೇಳಬೇಕಾದ ಜಾಗ ಅದು, ಯಾರೂ ಇಲ್ಲ, ಮತ್ತೆ ಅದೇ ಸಾಲು, ಮತ್ತೆ ಎತ್ತಿದ ಕೈ, ಕೂತ್ಕೊಳಮ್ಮ ಈಗ ಬರುತ್ತೆ ಕರೆಂಟು ಎಂದ ಕೊಟ್ರೇಶ, ಪದ ಕಟ್ಟಿದ್ದು ನಾನು ಸಾರ್, ಏನಂದ್ರಿ, ಶಿಲ್ಪಾ ಅಲ್ಲ, ನಾನು, ಗೋಪೀನಾಥ್ ಸಾರ್‌ಗೆ ಹೋಗಿ ಹೇಳಿ, ಯಾರ ದನಿ ಇದು, ನಡುಗುತ್ತಲೂ ಇಲ್ಲ, ವಚನಾ, ಕಂದಾ, ನೋಡೋಣ ಕಣೇ, ಕಲಾವತಿ ಜಾಲರಿಗೆ ಬಾಯಿಟ್ಟು ನೂರು ಕಾಲರು ಎಂದು ಎತ್ತಿಕೊಂಡಳು, ಹಿಂದೆ ಒಬ್ಬಳು ಸೇರಿದಳು, ಆಮೇಲೆ ನಾಲ್ವರು, ಆಮೇಲೆ ಎಣಿಸಲಾಗದಷ್ಟು, ಜನರೇಟರ್ ಗುಡುಗಿತು, ಬಾಗಿಲಲ್ಲಿ ಯಾರೋ ಕೂಗುತ್ತಿದ್ದಾರೆ, ಮಿಷನ್ನಿಗೆ ಯಾರೂ ಕೂರಲಿಲ್ಲ, ಕೆಳಗೆ ಶಿಲ್ಪಾ ತಲೆಯೆತ್ತಿದಳು, ಆ ಕೈ, ಗಾಳಿಯಲ್ಲಿ ನಿಂತ ಆ ಕೈ, ಸರಿಯಾಗಿ ತಾಳದ ಮೇಲೆ, ಇಳಿಯಿತು.