ಇಪ್ಪತ್ತಕ್ಕೆ ಸೊನ್ನೆ

ವಾರವಿಡೀ ನನಗೆ ಊಟ ಸೇರಿರಲಿಲ್ಲ. ಟೆಕ್ಸಸ್ಸಿನ ನಮ್ಮ ಹತ್ತಿ ಸೀಮೆಯಲ್ಲಿ ಶುಕ್ರವಾರ ಸಂಜೆ ಶಾಲಾ ಹುಡುಗರ ಅಮೆರಿಕನ್ ಫುಟ್‌ಬಾಲ್ ಇದ್ದರೆ ಅಂಗಡಿಗಳೇ ಬಾಗಿಲು ಹಾಕುತ್ತವೆ. ಅಂಥ ಊರಿನ ತಂಡದ ಜೀವಾಳ ರಾಯ್ಸ್ ಹ್ಯಾಚರ್ ನನ್ನ ಇಂಗ್ಲಿಷ್ ಪರೀಕ್ಷೆಯಲ್ಲಿ ಫೇಲಾಗಿ ಕೂತಿದ್ದ. ನೂರಕ್ಕೆ ಎಪ್ಪತ್ತು ಬಾರದವನು ಆಟಕ್ಕಿಳಿಯುವಂತಿಲ್ಲ. ಕಾನೂನು ಸರ್ಕಾರದ್ದು, ಬೈಗುಳ ಮಾತ್ರ ನನಗೆ! ಪೆಟ್ರೋಲ್ ಬಂಕಿನಲ್ಲಿ ಅಂದರು, ಚರ್ಚಿನಲ್ಲಿ ಅಂದರು. ಹಲ್ಲಿನ ಡಾಕ್ಟರಂತೂ ನನ್ನ ಬಾಯೊಳಗೆ ಕೈಯಿಟ್ಟುಕೊಂಡೇ, "ಹುಡುಗನ್ನ ಪಾಸ್ ಮಾಡ್ಬಿಡಿ ಮಿಸೆಸ್ ಸ್ಟಕ್ಕಿ" ಅಂದ.

ಶುಕ್ರವಾರ ಮಧ್ಯಾಹ್ನ ಅವನಿಗೆ ಮರುಪರೀಕ್ಷೆ ಇಟ್ಟೆ. ಇಪ್ಪತ್ತು ಇಂಗ್ಲಿಷ್ ವಾಕ್ಯಗಳು. ಕರ್ತೃಪದದ ಕೆಳಗೆ ಒಂದು ಗೆರೆ, ಕ್ರಿಯಾಪದದ ಕೆಳಗೆ ಎರಡು. ನಾಚಿಕೆ ಬಿಟ್ಟು ಸುಲಭ ಮಾಡಿದ್ದೆ. ನಾಯಿ ಬೊಗಳಿತು, ಅಜ್ಜಿ ರೊಟ್ಟಿ ಸುಟ್ಟಳು, ಅಂಥವು.

ಬಾಗಿಲಾಚೆ ಕೋಚ್ ಡೇಲ್ ಮ್ಯಾಡಕ್ಸ್ ಅಡ್ಡಾಡುತ್ತಿದ್ದ. ಅವನೂ ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿಯೇ.

"ಆಯ್ತಾ ಮಿಸ್? ಬಸ್ಸು ಕಾಯ್ತಿದೆ."

"ಆಚೆ ಇರೋ! ಓದೋವಾಗ್ಲೂ ಹಿಂಗೇ ಪ್ರಾಣ ತಿಂತಿದ್ದೆ."

ಕೆಂಪು ಪೆನ್ನು ಹಿಡಿದು ಕೂತೆ. ಮೊದಲನೆಯದು ತಪ್ಪು. ಎರಡನೆಯದೂ ತಪ್ಪು. ಕೊನೆಗೆ ನೋಡಿದರೆ ಇಪ್ಪತ್ತೂ ತಪ್ಪು, ಸೊನ್ನೆ! ಊರವರು ನನ್ನನ್ನು ಹುರಿದು ತಿನ್ನುತ್ತಾರೆ ಅಂದುಕೊಂಡೆ. ಆಮೇಲೆ ಹಾಳೆಯನ್ನು ಇನ್ನೊಮ್ಮೆ ನೋಡಿದೆ. ಏನೂ ಬಾರದವನು ಕಣ್ಣು ಮುಚ್ಚಿ ಗೆರೆ ಎಳೆದರೂ ನಾಲ್ಕಾರು ಸರಿ ಬೀಳುತ್ತವೆ. ಒಂದೊಂದು ಸರಿಯುತ್ತರವನ್ನೂ ತಪ್ಪಿಸಿ ಎಳೆಯಬೇಕಾದರೆ ಎಲ್ಲವೂ ಬರಬೇಕು.

ರಾಯ್ಸ್ ಮೇಜಿನ ಮೇಲೆ ತಲೆಯಿಟ್ಟು, ಬೆಳಕು ಬೀಳದಂತೆ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದ. ಹೋದ ಶುಕ್ರವಾರದ ಆಟ ನೆನಪಾಯಿತು. ಎದುರಾಳಿಯೊಬ್ಬ ನುಗ್ಗಿ ಬಂದು ಬೀಳಿಸಿದಾಗ ಇವನ ತಲೆ ನೆಲಕ್ಕೆ ಬಡಿದಿತ್ತು. ಎದ್ದವನು ನೇರ ಎದುರು ತಂಡದ ಬೆಂಚಿನ ಕಡೆಗೇ ನಡೆದಿದ್ದ, ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ರಾಯ್ಸ್, ನಾನು ಓದ್ತೀನಿ. ನೀನು ಬಾಯಲ್ಲಿ ಹೇಳು."

ತಲೆಯೆತ್ತದೆಯೇ ಹೇಳುತ್ತಾ ಹೋದ. ಒಂದೂ ತಪ್ಪಲಿಲ್ಲ.

"ಮತ್ಯಾಕೋ ಹಿಂಗ್ ಬರ್ದೆ?"

"ಬೋರ್ಡು ಎರಡೆರಡು ಕಾಣ್ತಿದೆ ಮಿಸ್. ಬೆಳಿಗ್ಗೆ ಎರಡು ಸಲ ವಾಂತಿ ಆಯ್ತು. ನೀವು ಫೇಲ್ ಮಾಡಿದ್ರೆ ನಾನು ಆಡೋ ಹಂಗಿಲ್ಲ ಅಲ್ವಾ? ಆಗ ಯಾರೂ ನನ್ನ ಹೇಡಿ ಅನ್ನಲ್ಲ. ಅಪ್ಪಂಗೆ ಹೇಳ್ಬೇಡಿ ಮಿಸ್. ಸೊನ್ನೆ ಹಾಕ್ಬಿಡಿ, ಸಾಕು."

ಸೊನ್ನೆ ಹಾಕಿದರೆ ಇವತ್ತಿನ ಆಟ ತಪ್ಪುತ್ತದೆ, ಹುಡುಗ ಈ ಪೆಟ್ಟು ಬಿದ್ದ ತಲೆ ಹೊತ್ತುಕೊಂಡು ಮನೆಗೆ ಹೋಗಿ ಮಲಗುತ್ತಾನೆ. ಬೆಳಿಗ್ಗೆ ಏಳದಿದ್ದರೆ? ಅಯ್ಯೋ, ಇಡೀ ಊರು ಬೈದರೆ ಬೈಯಲಿ!

ಅವನನ್ನು ಎಬ್ಬಿಸಿ, ತೋಳು ಹಿಡಿದು ನಡೆಸಿಕೊಂಡು ಹೋಗಿ ಬಾಗಿಲು ತೆಗೆದೆ. ಡೇಲ್ ಓಡಿ ಬಂದ.

"ಪಾಸಾ ಮಿಸ್?"

"ಪಾಸು ಕಣೋ. ಇಪ್ಪತ್ತಕ್ಕೆ ಇಪ್ಪತ್ತು."

ಡೇಲ್ ಕುಣಿದೇಬಿಟ್ಟ. ಪಕ್ಕದಲ್ಲಿ ರಾಯ್ಸ್ ಮುಖ ಬಿಳಿಚಿಕೊಂಡಿತು, ನಾನು ಕೈಕೊಟ್ಟೆ ಅಂದುಕೊಂಡಿರಬೇಕು.

"ಕುಣಿದಿದ್ದು ಸಾಕು," ಅಂದೆ. "ಹುಡುಗ ಆಡಲ್ಲ. ತಲೆಗೆ ಪೆಟ್ಟಾಗಿದೆ, ಕಣ್ಣು ಸರಿಯಾಗಿ ಕಾಣ್ತಿಲ್ಲ. ಕಾರು ತೆಗಿ, ಆಸ್ಪತ್ರೆಗೆ ಹೋಗೋಣ. ಇವನ ಅಪ್ಪಂಗೆ ನಾನೇ ಫೋನ್ ಮಾಡ್ತೀನಿ."

ಡೇಲ್ ರಾಯ್ಸ್‌ನ ಕಣ್ಣು ನೋಡಿದ. ಜೇಬಿನಲ್ಲಿ ಕಾರಿನ ಕೀಲಿ ಹುಡುಕತೊಡಗಿದ.

ರಾಯ್ಸ್ ನನ್ನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಸ್ಪತ್ರೆ ಬರುವವರೆಗೂ ಬಿಡಲಿಲ್ಲ.