ನಲವತ್ತು ಸೆಕೆಂಡಿನ ತುಂಬಿದ ಮನೆ

ಸದ್ದಪ್ಪನ ಕೈಗೆ ಹಳೆಯ ಎಕ್ಸ್‌ರೇ ಹಾಳೆಯೊಂದು ಸಿಕ್ಕರೆ ಸಾಕು, ನಿಜವಾದ ಗುಡುಗು ನಾಚಿಕೊಂಡು ಮೋಡದ ಹಿಂದೆ ಅವಿತುಕೊಳ್ಳುತ್ತಿತ್ತು. ಕೊಡೆಯನ್ನು ಪಟಪಟನೆ ಬಿಚ್ಚಿ ಮುಚ್ಚಿದನೆಂದರೆ ಹತ್ತು ಸಾವಿರ ಪಾರಿವಾಳಗಳು ಒಮ್ಮೆಗೇ ಹಾರುತ್ತಿದ್ದವು. ಹತ್ತು ಸಾವಿರಕ್ಕೆ ಒಂದು ಕಡಿಮೆ ಎನ್ನುವವರು ಮೊದಲು ಕಿವಿ ತೋರಿಸಿಕೊಂಡು ಬರಲಿ. ಹಳೆಯ ಕ್ಯಾಸೆಟ್ಟುಗಳ ಟೇಪನ್ನು ಗುಡ್ಡೆ ಹಾಕಿ ತುಳಿದರೆ ಒಣಹುಲ್ಲಿನ ಬಯಲು. ಕೇಳುವ ಕಥೆಗಳನ್ನು ತಯಾರಿಸುವ ಆ ಸ್ಟುಡಿಯೋದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವನೇ ಮಳೆ, ಅವನೇ ರೈಲು, ಅವನೇ ಯುದ್ಧ, ಅವನೇ ಮುದಿ ಕುದುರೆ.

ಅಂಥವನು ಒಂದು ಮನೆಯ ಮುಂದೆ ಸೋತ.

ಕೈಯಲ್ಲಿದ್ದದ್ದು ದೀಪಸ್ತಂಭದ ಕಾವಲುಗಾರನೊಬ್ಬ ಹತ್ತು ವರ್ಷದ ಮೇಲೆ ಮನೆಗೆ ಮರಳುವ ಕಥೆ. ಕೊನೆಯಲ್ಲಿ ಕಥೆ ಓದುವಮ್ಮ ‘ಅವನು ಮನೆಯೊಳಗೆ ಬಂದ’ ಎನ್ನುತ್ತಾಳೆ. ಅವಳ ದನಿಯೆಂದರೆ, ಒಲೆಯ ಮೇಲಿನ ಹಾಲು ಕೂಡ ಉಕ್ಕುವುದನ್ನು ಮರೆತು ಕೇಳುವಂಥದ್ದು. ಅವಳು ಹಾಗೆಂದ ಕೂಡಲೇ ಪಿಟೀಲೂ ನಿಲ್ಲುತ್ತದೆ. ಆಮೇಲೆ ನಲವತ್ತು ಸೆಕೆಂಡು ಮಾತಿಲ್ಲ, ಸಂಗೀತವಿಲ್ಲ. ಐದು ಜನ ತುಂಬಿದ ಮನೆಯ ಸಂಜೆಯ ಸದ್ದು ಮಾತ್ರ. ಇಡೀ ಕಥೆ ಆ ನಲವತ್ತು ಸೆಕೆಂಡಿನ ಮೊಳೆಗೆ ತೂಗುಹಾಕಿಕೊಂಡಿತ್ತು.

ಸದ್ದಪ್ಪ ಅರ್ಧ ದಿನ ಒದ್ದಾಡಿ ಅದನ್ನು ಮಾಡಿದ. ಎಲ್ಲರೂ ಕೂತು ಕೇಳಿದರು. ಓದುವಮ್ಮ ಹೆಡ್‌ಫೋನ್ ತೆಗೆದಿಟ್ಟಳು.

“ಸದ್ದಪ್ಪನೋರೇ, ಈ ಮನೇಲಿ ಎಷ್ಟು ಜನ ಇದ್ದಾರೆ?”

“ಐದು. ಕಥೇಲಿ ಹಾಗೇ ಇದೆಯಲ್ಲ.”

“ಐದು ಜನಾನೂ ಸರದಿ ನಿಂತಿದ್ದಾರಲ್ರೀ! ಚಮಚ ಬಿತ್ತು. ಆಮೇಲೆ ಕೆಮ್ಮು. ಕೆಮ್ಮು ಮುಗಿದ ಮೇಲೆ ನಲ್ಲಿ. ನಲ್ಲಿ ನಿಂತ ಮೇಲೆ ಚಪ್ಪಲಿ. ಇಷ್ಟು ಮರ್ಯಾದಸ್ಥ ಸಂಸಾರಾನ ನಾನು ಎಲ್ಲೂ ನೋಡಿಲ್ಲಪ್ಪ.”

“ನಮ್ಮನೆ ಹೀಗಿದ್ದಿದ್ರೆ ನಾನು ಪಿಟೀಲು ಹೊತ್ಕೊಂಡು ಇಲ್ಲಿಗೆ ಯಾಕೆ ಓಡಿ ಬರ್ತಿದ್ದೆ?” ಎಂದರು ಪಿಟೀಲಿನವರು.

ಧ್ವನಿಗಳನ್ನೆಲ್ಲ ಜೋಡಿಸುವ ಗುಂಡಿ ಮೇಷ್ಟ್ರು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. “ನನ್ನ ಹತ್ರ ‘ಸಂಸಾರ, ಸಂಜೆ, ಐದು ಜನ’ ಅಂತ ಒಂದು ರೆಡಿ ರೆಕಾರ್ಡಿಂಗ್ ಇದೆ. ಹಾಕ್ಬಿಡ್ಲಾ?”

ಸದ್ದಪ್ಪನ ಮೈಯಲ್ಲಿದ್ದ ಎಲ್ಲ ಗುಡುಗೂ ಗಂಟಲಿಗೆ ಬಂತು. “ಇಪ್ಪತ್ತೆರಡು ವರ್ಷದಲ್ಲಿ ಒಂದು ಹೆಜ್ಜೆ ಸಪ್ಪಳಾನೂ ನಾನು ಹೊರಗಿಂದ ಎರವಲು ತಂದಿಲ್ಲ. ಶನಿವಾರ ಕೊಡ್ತೀನಿ. ಕೊಡದಿದ್ರೆ ನನ್ನ ಕೊಡೆ, ಬಕೆಟ್ಟು, ಎಕ್ಸ್‌ರೇ ಎಲ್ಲ ಗುಜರಿಗೆ ಹಾಕಿ, ನನ್ನನ್ನೂ ಅದರ ಮೇಲೆ ಕೂರಿಸಿ!”

ಜಂಬ ಕೊಚ್ಚಿದ್ದೇನೋ ಆಯಿತು. ಮೂರನೆಯ ಮಹಡಿಯ ತನ್ನ ಎರಡು ಕೋಣೆಗೆ ಬಂದು ಲೋಟ ಮೇಜಿನ ಮೇಲಿಟ್ಟ. ಆಮೇಲೆ ಕೆಮ್ಮಿದ. ಆಮೇಲೆ ನಲ್ಲಿ ತಿರುಗಿಸಿದ. ಅಲ್ಲೇ ನಿಂತುಬಿಟ್ಟ. ಆ ಮನೆಯಲ್ಲಿ ಸದ್ದುಗಳಿಗೆ ಸರದಿ ನಿಲ್ಲದೆ ಗತಿಯೇ ಇರಲಿಲ್ಲ, ಮಾಡುವವನು ಒಬ್ಬ. ಹಟಕ್ಕೆ ಬಿದ್ದು ಕಾಲಲ್ಲಿ ಕುರ್ಚಿ ಎಳೆಯುತ್ತ, ಕೈಯಲ್ಲಿ ಪಾತ್ರೆ ಬಡಿಯುತ್ತ, ಬಾಯಲ್ಲಿ ಇಬ್ಬರ ಜಗಳವಾಡಿ ನೋಡಿದ. ಒಬ್ಬನಿಗೆ ಹುಚ್ಚು ಹಿಡಿದ ಸದ್ದಾಯಿತೇ ಹೊರತು ಸಂಸಾರದ ಸದ್ದಾಗಲಿಲ್ಲ.

ಮರುದಿನ ಸಂಜೆ ಎರಡು ಬಸ್ಸು ಬದಲಿಸಿ ಅಕ್ಕನ ಮನೆಗೆ ಹೊರಟ. ವರ್ಷಕ್ಕೊಮ್ಮೆ ಹಣ್ಣಿನ ಚೀಲ ಹಿಡಿದು ಹೋಗಿ ಬರುವ ಮನೆ ಅದು. ಅಕ್ಕ, ಭಾವ, ಭಾವನ ತಾಯಿ, ಇಬ್ಬರು ಹೆಣ್ಣುಮಕ್ಕಳು. ಲೆಕ್ಕಕ್ಕೆ ಸರಿಯಾಗಿ ಐದು. ಆ ಮನೆಯ ಗದ್ದಲಕ್ಕೆ ಬೀದಿಯ ನಾಯಿಗಳು ಬೊಗಳುವುದನ್ನೇ ಬಿಟ್ಟು ಬೇರೆ ಕಸುಬು ಹುಡುಕಿಕೊಂಡಿದ್ದವು. ಸದ್ದಪ್ಪ ಬೆಂಕಿಪೊಟ್ಟಣದಷ್ಟಿದ್ದ ರೆಕಾರ್ಡರ್ ಚಾಲೂ ಮಾಡಿ ಅಂಗಿಯ ಜೇಬಿಗಿಳಿಸಿ ಬಾಗಿಲು ತಟ್ಟಿದ.

“ಮಾಮ ಬಂದ್ರು!”

ಟಿ.ವಿ. ಆರಿತು. ಬನಿಯನ್ನಿನಲ್ಲಿದ್ದ ಭಾವ ಓಡಿಹೋಗಿ ಶರ್ಟು ತೊಟ್ಟು ಬಂದರು. ಅಕ್ಕ ಒಳ್ಳೆಯ ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. “ಏಯ್, ಮೆಲ್ಲಗೆ ನಡೀರೇ. ಮಾಮಂಗೆ ಗಲಾಟೆ ಅಭ್ಯಾಸ ಇಲ್ಲ.”

ಐದೂ ಜನ ಎದುರಿಗೆ ಸಾಲಾಗಿ ಕೂತರು.

“ಹೇಗಿದ್ದೀಯೋ?”

“ಚೆನ್ನಾಗಿದ್ದೀನಿ.”

ಭಾವ ಕೆಮ್ಮಿದರು. ಕೆಮ್ಮು ಮುಗಿಯಲೆಂದು ಕಾದು ಅಕ್ಕ ಟೀ ಲೋಟ ಇಟ್ಟಳು. ಲೋಟದ ಸದ್ದು ಅಡಗಿದ ಮೇಲೆ ಅಜ್ಜಿ ಬಳೆ ಸರಿಸಿಕೊಂಡರು. ಗಡಿಯಾರ ಕೂಡ ಯಾರನ್ನೋ ಕೇಳಿ ಟಿಕ್ ಅನ್ನುತ್ತಿತ್ತು.

“ಅಕ್ಕ, ನಿಮ್ಮ ಪಾಡಿಗೆ ನೀವಿರಿ. ನಾನು ಬಂದೇ ಇಲ್ಲ ಅಂದ್ಕೊಳ್ಳಿ.”

“ಅದು ಹೇಗಾಗುತ್ತೋ? ಅಪರೂಪಕ್ಕೆ ಬರೋನು!”

ಅರ್ಧ ಗಂಟೆ ಹೀಗೆ ಮರ್ಯಾದೆಯಲ್ಲಿ ಬೆಂದು ಸದ್ದಪ್ಪ ಎದ್ದ. ಹಿಂದೆ ಬಾಗಿಲು ಮುಚ್ಚಿತು. ನಾಲ್ಕು ಮೆಟ್ಟಿಲು ಇಳಿದಿರಬೇಕು.

“ಅಬ್ಬಾ! ಈಗ ಶರ್ಟು ಬಿಚ್ಚಬಹುದಾ?” ಎಂದು ಭಾವನ ದನಿ ಕೇಳಿತು. ನಗು ಎದ್ದಿತು. ಅಷ್ಟೇ, ಕಟ್ಟೆ ಒಡೆಯಿತು. ಟಿ.ವಿ., ಕುಕ್ಕರಿನ ಸೀಟಿ, ಬಾಚಣಿಗೆಗಾಗಿ ಹುಡುಗಿಯರ ಜಗಳ, ಕನ್ನಡಕ ಯಾರು ತಗೊಂಡ್ರಿ ಎಂಬ ಅಜ್ಜಿಯ ಕೂಗು, ಅದಕ್ಕೆ ಮೂರು ಮೂಲೆಗಳಿಂದ ಮೂರು ಉತ್ತರ, ಎಲ್ಲ ಒಂದರ ಹೆಗಲ ಮೇಲೊಂದು ಹತ್ತಿ ಕುಣಿದವು. ಸದ್ದಪ್ಪ ಕಳ್ಳಹೆಜ್ಜೆಯಲ್ಲಿ ಮತ್ತೆ ಮೇಲೇರಿ ರೆಕಾರ್ಡರನ್ನು ಬಾಗಿಲಿಗೆ ಹಿಡಿದ. ಮುತ್ತು ಹೆಕ್ಕಲು ಮುಳುಗುವವರೂ ಸೋಲೊಪ್ಪುವಷ್ಟು ಹೊತ್ತು ಉಸಿರು ಕಟ್ಟಿದ. ನಲವತ್ತು ಸೆಕೆಂಡು ಆಯಿತು. ಬೇಕಾದದ್ದು ಸಿಕ್ಕಿತು. ಆದರೂ ಕದಲಲಿಲ್ಲ. ಮೂರು ನಿಮಿಷ ಆಯಿತು.

ಬಾಗಿಲು ತೆರೆಯಿತು. ಅಕ್ಕ, ಕೈಯಲ್ಲಿ ಕಸದ ಬುಟ್ಟಿ.

“ಅಯ್ಯೋ, ಇನ್ನೂ ಇಲ್ಲೇ ಇದ್ದೀಯಾ?”

ಅವಳ ಬೆನ್ನ ಹಿಂದೆ ಮನೆಯ ಗದ್ದಲ ನಲ್ಲಿ ತಿರುಗಿಸಿದಂತೆ ನಿಂತುಹೋಯಿತು.

“ಚಪ್ಪಲಿ ಕಿತ್ತಿತ್ತು. ಸರಿ ಮಾಡ್ಕೊಳ್ತಿದ್ದೆ.”

ಅಕ್ಕ ಅವನ ಕಾಲು ನೋಡಿದಳು. ಅವನು ತೊಟ್ಟಿದ್ದದ್ದು ಬೂಟು. ಹೊರಗೆ ಬಂದು ಬಾಗಿಲು ಅರ್ಧ ಎಳೆದುಕೊಂಡಳು. “ಹುಷಾರಾಗಿ ಹೋಗು,” ಎಂದಳು.

ಶನಿವಾರ ಓದುವಮ್ಮ ಅದನ್ನು ಮೂರು ಸಲ ಕೇಳಿದಳು. ಭಾವನ ಶರ್ಟಿನ ಮಾತನ್ನು ಸದ್ದಪ್ಪ ಮೊದಲೇ ಕತ್ತರಿಸಿ ಎಸೆದಿದ್ದ. ಉಳಿದ ಮಾತುಗಳ ಅಂಚನ್ನು ಬಾಗಿಲೇ ಸವೆಸಿ, ಬರೀ ಗದ್ದಲವನ್ನು ಹೊರಗೆ ಬಿಟ್ಟಿತ್ತು.

“ಇದು ಬಾಗಿಲ ಆಚೆಯಿಂದ ಕೇಳಿದ ಹಾಗಿದೆ, ಅಲ್ವಾ?”

“ಹೌದು,” ಎಂದ ಸದ್ದಪ್ಪ. “ಮತ್ತೆ ತಪ್ಪಾಯ್ತಾ?”

ಅವಳು ಪೆನ್ಸಿಲು ತಗೊಂಡು ‘ಮನೆಯೊಳಗೆ ಬಂದ’ ಎಂಬುದನ್ನು ಹೊಡೆದುಹಾಕಿ, ‘ಅವನು ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತ’ ಎಂದು ಬರೆದಳು. ಪಿಟೀಲಿನವರು ತಮ್ಮ ಕೊನೆಯ ಎಳೆತವನ್ನು ಇನ್ನೆರಡು ಸೆಕೆಂಡು ತಡಮಾಡಿಕೊಂಡರು. ಗುಂಡಿ ಮೇಷ್ಟ್ರು ತಮ್ಮ ರೆಡಿ ಸಂಸಾರವನ್ನು ಸದ್ದಿಲ್ಲದೆ ಅಳಿಸಿದರು.

“ಯಾರ ಮನೆ ಇದು, ಸದ್ದಪ್ಪನೋರೇ?”

“ನಮ್ಮದೇ,” ಎಂದ, ಕತ್ತನ್ನು ಒಂದು ಮೊಳ ಉದ್ದ ಮಾಡಿ.

ಕಥೆ ಹೊರಬಿದ್ದ ದಿನ ಅಕ್ಕನ ಫೋನು ಬಂತು. ಸದ್ದಪ್ಪ ಆಗಷ್ಟೇ ಊಟಕ್ಕೆ ತಟ್ಟೆ ಹಾಕಿಕೊಂಡಿದ್ದ.

“ಕೇಳಿದ್ವಿ ಕಣೋ. ಸಮುದ್ರ ಅಂತೂ ಮೈಮೇಲೆ ಬಂದ ಹಾಗಿತ್ತು. ಆದ್ರೆ ಕೊನೇಲಿ ಆ ಮನೆ! ಅಬ್ಬಬ್ಬಾ, ಅದೇನು ಗಲಾಟೆ! ‘ಇಂಥವರ ಜೊತೆ ಮನುಷ್ಯರು ಬಾಳ್ತಾರಾ’ ಅಂದ್ರು ನಿಮ್ಮ ಭಾವ.”

ಸದ್ದಪ್ಪನಿಗೆ ನಗು ಬಂತು. ಹೇಳಿಬಿಡೋಣವೆಂದು ಬಾಯಿ ತೆರೆದ. ಹೇಳಿದರೆ ಇನ್ನು ಮುಂದೆ ಅವನು ಬಾಗಿಲ ಹೊರಗಿರುವಾಗಲೂ ಅವರು ಮೆಲ್ಲಗೇ ನಡೆದಾರು. ಬಾಯಿ ಮುಚ್ಚಿದ.

“ಅಂಥ ಮನೆಗಳೂ ಇರ್ತವೆ ಅಕ್ಕ.”

“ಇರ್ಲಿ ಬಿಡು. ಇಡ್ಲಾ ಹಾಗಾದ್ರೆ?”

“ಕಟ್ ಮಾಡ್ಬೇಡ. ಫೋನನ್ನ ಹಾಗೇ ಮೇಜಿನ ಮೇಲಿಟ್ಟು ನಿನ್ನ ಕೆಲಸ ನೋಡ್ಕೋ.”

“ಯಾಕೋ?”

“ಸ್ಟುಡಿಯೋ ಕೆಲಸಕ್ಕೆ ಬೇಕು.”

“ನಿನ್ನ ಕೆಲಸಾನೋ, ದೇವರಿಗೇ ಪ್ರೀತಿ,” ಎಂದು ಅಕ್ಕ ಫೋನಿಟ್ಟು ಹೋದಳು. ಎರಡು ನಿಮಿಷಕ್ಕೆ ಮರೆತೂಬಿಟ್ಟಳು.

ಸದ್ದಪ್ಪ ತನ್ನ ಫೋನನ್ನು ತಟ್ಟೆಯ ಎದುರಿಗೆ ಒರಗಿಸಿಟ್ಟು ಊಟಕ್ಕೆ ಕೂತ. ರೆಕಾರ್ಡರ್ ಚೀಲದಿಂದ ಹೊರಗೇ ಬರಲಿಲ್ಲ. ಆಚೆ ತಟ್ಟೆಗಳು ಬಡಿದಾಡಿದವು, ಯಾರೋ ನೀರು ಚೆಲ್ಲಿದರು, ಅಜ್ಜಿ ಬೈದರು, ಬೈಗುಳದ ನಡುವೆಯೇ ಭಾವ ನಕ್ಕರು. ಅವನು ತುತ್ತು ಕಲಸುತ್ತ, ಬೈಸಿಕೊಂಡವರ ಪರವಾಗಿ ತಲೆಯಾಡಿಸಿದ.

ಹಠಾತ್ತನೆ ಫೋನಿಗೆ ತೀರ ಹತ್ತಿರ ಒಂದು ಉಸಿರು. ಚಿಕ್ಕವಳು.

“ಮಾಮಾ? ಇದ್ದೀರಾ?”

ಸದ್ದಪ್ಪ ಅಗಿಯುವುದನ್ನು ನಿಲ್ಲಿಸಿದ. ತುತ್ತು ದವಡೆಯಲ್ಲೇ ಉಳಿಯಿತು.

“ಅಮ್ಮಾ, ಯಾರೂ ಇಲ್ಲ.”

“ಹಾಗೇ ಇಡೇ ಅಲ್ಲಿ, ನೀನು ಬಾ ಊಟಕ್ಕೆ!”

ಫೋನು ಮತ್ತೆ ಮೇಜಿನ ಮೇಲೆ ಕೂತ ಸದ್ದಾಯಿತು. ಕುರ್ಚಿಗಳು ಕಿರುಗುಟ್ಟಿದವು. ಸದ್ದಪ್ಪ ಸದ್ದಾಗದಂತೆ, ಬಹಳ ನಿಧಾನಕ್ಕೆ, ತುತ್ತು ನುಂಗಿದ.