ಸುಮ್ಮನಿದ್ದಾಗ ನಡುಗುವ ಕೈ

"ಏ ಕಸ್ತೂರಿ, ಕೈ ಮುರದೈತೋ, ಕಾಲು ಮುರದೈತೋ? ಗಟ್ಟಿಮುಟ್ಟ ಹೆಂಗಸು ಕುಂಟರ ಪಾಳ್ಯಾಗ ನಿಂತೀಯಲ್ಲ, ಮಕಕ್ಕ ನಾಚಿಕಿ ಐತೇನ?"

ಸಿಂದಗಿಯ ದವಾಖಾನೆಯ ಪಡಸಾಲೆಯಲ್ಲಿ ಅಂಗವಿಕಲರ ಶಿಬಿರಕ್ಕೆ ಬಂದು ನಿಂತವರೆಲ್ಲ ತಿರುಗಿ ನೋಡಿದರು. ಕೂಗಿದವನು ಮುಕಾದಮ ದುಂಡೇಶ. ದೇವಣಗಾಂವದ ಕೇರಿಯಿಂದ ವರ್ಷಾ ವರ್ಷಾ ಕಬ್ಬು ಕಡಿಯಲು ಆಳುಗಳನ್ನು ಸಾಂಗ್ಲಿ ಕಡೆ ಒಯ್ಯುವವನು ಅವನೇ. ಕಸ್ತೂರೆವ್ವ ಬಲಗೈಯನ್ನು ಸೆರಗಿನೊಳಗೆ ಇನ್ನಷ್ಟು ಒಳಕ್ಕೆ ತಳ್ಳಿದಳು.

"ಇಲ್ರಿ ಯಪ್ಪಾ, ಸುನಂದಾನ ಜೋಡಿ ಬಂದೇನಿ."

"ನಿಮ್ಮ ಕೇರಿ ಮಂದಿಗೆ ಪುಕ್ಕಟ ಸಿಗ್ತೈತಿ ಅಂದ್ರ ಹೇಲೂ ಬಿಡೂದಿಲ್ಲ."

ಹೀಗಂದವನು ತಾನೂ ಪುಕ್ಕಟೆಯದಕ್ಕೇ ಬಂದಿದ್ದ. ಅವನ ಅಣ್ಣ ಶ್ರೀಶೈಲಪ್ಪ, ಕಿವುಡನೆಂದು ಬರೆಸಿಕೊಳ್ಳಲು ಬಂದ ಮಹಾರಾಯ, ಬೆಂಚಿನ ಮೇಲೆ ಕೂತು ಫೋನು ಕಿವಿಗೆ ಹಚ್ಚಿ ತೊಗರಿಯ ಧಾರಣೆ ಕೇಳುತ್ತಿದ್ದ. ಅವನನ್ನು ಏನಾದರೂ ಅನ್ನುವ ಗಂಡಸು ಆ ಪಡಸಾಲೆಯಲ್ಲಿ ಇರಲಿಲ್ಲ.

ಕಸ್ತೂರೆವ್ವ ಬಂದದ್ದು ತನ್ನ ಸಲುವಾಗಿಯೇ. ಡಾಕ್ಟರು ನೂರಕ್ಕೆ ನಲವತ್ತಾದರೂ ಊನ ಬರೆದರೆ ಸರಕಾರದ ಮಾಸಾಶನ ಬರುತ್ತದೆ. ಊರವರ ಬಾಯಲ್ಲಿ ಅದು ಪಗಾರ. ಮಳೆಗಾಲದಲ್ಲಿ ವಿಜಯಪುರದ ದೊಡ್ಡ ಡಾಕ್ಟರು ಅವಳಿಗೊಂದು ಹೊಸ ಬೇನೆ ಹೇಳಿದ್ದರು, ಪಾರ್ಕಿನ್ಸನ್ ಅಂತ. ಆ ಹೆಸರಿಗೆ ನಾಲಿಗೆ ಹೊರಳುತ್ತಿರಲಿಲ್ಲ, ನಡುಗು ಬ್ಯಾನಿ ಅನ್ನುತ್ತಿದ್ದಳು. ಕೈ ಸುಮ್ಮನೆ ತೊಡೆಯ ಮೇಲಿದ್ದರೆ ಗಡಗಡ ನಡುಗುತ್ತದೆ. ಏನಾದರೂ ಹಿಡಿಯಲು ಚಾಚಿದರೆ ತೆಪ್ಪಗಾಗುತ್ತದೆ. ಹಾಗಂತ ಕೆಲಸಕ್ಕೆ ಬರುತ್ತದೆ ಅಂತಲ್ಲ. ಹೋದ ಹಂಗಾಮಿನಲ್ಲಿ ಬೆರಳು ಸೆಟೆದು, ಕಬ್ಬು ಕಡಿಯುವ ಕೊಯ್ತಾ ಜಾರಿ ಅವಳ ಮೊಣಕಾಲಿಗೇ ಬಡಿದಿತ್ತು. ಕಲ್ಲು ತಾಗಿತು ಎಂದು ಸುಳ್ಳು ಹೇಳಿ, ಅರಿಷಿಣ ಮೆತ್ತಿಕೊಂಡು ಮತ್ತೆ ಕಡಿದಳು.

ಕಬ್ಬಿನ ಗ್ಯಾಂಗಿನಲ್ಲಿ ರಿವಾಜೇ ಹಾಗೆ. ಮುಕಾದಮ "ಹ್ಯಾಂಗದಿ?" ಅಂದರೆ ಮೈ ಕೆಂಡವಾಗಿದ್ದರೂ "ಛಲೋ ಅದೀನ್ರಿ" ಅನ್ನಬೇಕು. ಅನ್ನದವರನ್ನು ಟ್ರ್ಯಾಕ್ಟರಿಗೆ ಹತ್ತಿಸುವುದಿಲ್ಲ. ಗಂಡ ಸತ್ತವಳಿಗೆ ಟ್ರ್ಯಾಕ್ಟರು ತಪ್ಪಿದರೆ ಒಲೆಯೂ ತಪ್ಪಿದಂತೆ. ಈಗ ಬೇನೆ ಹೇಳಿದರೆ ದುಂಡೇಶನ ಕಿವಿಗೆ ಬೀಳುತ್ತದೆ, ಹೇಳದಿದ್ದರೆ ಪಗಾರ ಇಲ್ಲ.

ಅವಳ ಮುಂದೆ ಸುನಂದಾ ಕುರ್ಚಿಯಲ್ಲಿ ಕೂತಿದ್ದಳು. ಕಸ್ತೂರೆವ್ವನನ್ನು "ಸರಿ ಆಕಡೆ" ಎಂದು ಗದರಿದ ಸಿಪಾಯಿಯೇ ಇವಳಿಗೆ ಕುರ್ಚಿ ತಂದು ಹಾಕಿದ್ದ. ಕೂಸಿದ್ದಾಗಲೇ ಪೋಲಿಯೊ ಬಡಿದು ಎಡಗಾಲು ಒಣಗಿಹೋದ ಹೆಣ್ಣು. ಒಂದೇ ಓಣಿ. ಚಿಕ್ಕವಳಿದ್ದಾಗ ಕಸ್ತೂರೆವ್ವನೇ ಬಗಲಲ್ಲಿ ಹೊತ್ತು ಸಾಲೆಗೆ ಬಿಡುತ್ತಿದ್ದಳು, ಅಯ್ಯೋ ಪಾಪ ಅನ್ನುತ್ತಿದ್ದಳು. ಈಗ ಪಗಾರ, ಮೂರು ಗಾಲಿಯ ಸ್ಕೂಟರು, ಬಸ್ಸಿನಲ್ಲಿ ಸೀಟು, ಎಲ್ಲ ಆ ಕಾಲಿಗೇ. ಇವತ್ತು ಬಂದದ್ದು ಹೊಸ ಕಾರ್ಡು ಮಾಡಿಸಲು, ಅಷ್ಟೇ. ಆ ಕಾಲು ಕಂಡರೆ ಕಸ್ತೂರೆವ್ವನ ಹೊಟ್ಟೆಯಲ್ಲಿ ಖಾರ ಕಲಸಿದಂತಾಗುತ್ತಿತ್ತು. ಯಾರೂ ಸುಳ್ಳು ಅನ್ನಲಾಗದ ಕಾಲು ಅದು. ಕೊಡುವ ದೇವರು ತನಗೂ ಅಂಥದ್ದೇ ಒಂದು ಕೊಡಬಾರದಿತ್ತೆ ಎಂದು ಅವಳು ಖರೇನೇ ಬೇಡಿಕೊಂಡಿದ್ದಳು. ನಗುವವರು ನಗಲಿ.

ಒಳಗೆ ಶಿಬಿರದ ಡಾಕ್ಟರು ಸುನಂದಾಳ ಕಾಲಿಗೆ ಟೇಪು ಹಿಡಿದರು, ಬರೆದರು, ಮುಗಿಯಿತು. ಬಾಗಿಲಲ್ಲಿದ್ದ ಕಸ್ತೂರೆವ್ವನಿಗೆ ತಡೆಯಲಾಗಲಿಲ್ಲ.

"ಆಕಿ ರೊಟ್ಟಿ ಬಡದು ಮಾರ್ತಾಳ್ರಿ ಸಾಹೇಬ್ರ. ಛಲೋ ಗಳಸ್ತಾಳ."

"ಕಾಲಿಲೆ ಬಡೀತಾಳೇನ?" ಅಂದರು ಡಾಕ್ಟರು. ಸಿಪಾಯಿ ಕಿಸಕ್ಕನೆ ನಕ್ಕ. ಸಹಿ ಬಿತ್ತು. ಸುನಂದಾ ತಿರುಗಿ ಕಸ್ತೂರೆವ್ವನನ್ನು ನೋಡಿದಳು, ಕಾಗದ ತೆಗೆದುಕೊಂಡು ಬಾಗಿಲ ಕಡೆ ಹೊರಟಳು. ನಾಲ್ಕು ಬೈದಿದ್ದರೆ ಬರೋಬ್ಬರಿ ಆಗುತ್ತಿತ್ತು.

"ಮುಂದಿನಾಕಿ ನೀನೇನ? ಬಾ, ಕುಂದ್ರು. ಏನ್ ತ್ರಾಸ?"

ಅಷ್ಟರಲ್ಲಿ ದುಂಡೇಶ ಬಾಗಿಲಿಗೆ ಬಂದು ನಿಂತಿದ್ದ. ಮುಂದಿನ ಪಾಳಿ ಅವನ ಅಣ್ಣನದು. ಕಸ್ತೂರೆವ್ವನ ಬಾಯಿ ರೂಢಿ ಬಿದ್ದ ಮಾತನ್ನೇ ಆಡಿತು.

"ಏನಿಲ್ರಿ. ಛಲೋ ಅದೀನ್ರಿ."

"ಛಲೋ ಇದ್ರ ಇಲ್ಲೇನ ಹರ್ಯಾಕ ಬಂದಿ?" ಅಂದರು ಡಾಕ್ಟರು.

ಎಲ್ಲರೂ ನಕ್ಕರು. ಸುನಂದಾ ಕೋಲು ಊರಿಕೊಂಡು ಬಾಗಿಲಿಂದ ವಾಪಸು ಬಂದಳು.

"ಕಸ್ತೂರಕ್ಕಗ ಹೊಸಾ ಬ್ಯಾನಿ ಹೇಳ್ಯಾರ್ರಿ, ಬಿಜಾಪುರದಾಗ. ಬಲಗೈ ನಡುಗ್ತೈತ್ರಿ. ಕಾಗದ ಐತಿ. ತೋರ್ಸಕ್ಕ."

"ಬಾಯಿ ಮುಚ್ಚ, ಹಲ್ಕಟ್ ರಂಡಿ. ನಿಂದಾತಲ್ಲ, ಹೋಗ."

ಹೀಗೆ ಚೀರಿದವಳು ಕಸ್ತೂರೆವ್ವ. ಕಾಲೂ ಇವಳದೇ, ಪಗಾರವೂ ಇವಳದೇ, ಈಗ ದೊಡ್ಡ ಮನಸ್ಸೂ ಇವಳದೇ ಆಗಬೇಕೆ? ಸುನಂದಾ ಆಡಿದ ಮಾತನ್ನು ದುಂಡೇಶ ಕೇಳಿಯಾಗಿತ್ತು. ಇನ್ನು ಮುಚ್ಚಿಟ್ಟು ಏನು ಉಪಯೋಗ ಎಂದು ಅವಳು ಕುಪ್ಪಸದಿಂದ ಕಾಗದ ತೆಗೆದು ಕೊಟ್ಟಳು. ಡಾಕ್ಟರು ಅರ್ಧ ಓದಿ ಮಡಚಿದರು. ಊಟದ ಹೊತ್ತಾಗಿತ್ತು.

"ಕೈ ಚಾಚು."

ಚಾಚಿದಳು. ಹಾಳು ಕೈ ಒಂದಿಷ್ಟೂ ಅಲುಗಲಿಲ್ಲ.

"ನನ್ನ ಬೆರಳು ಹಿಡಿ, ಗಟ್ಯಾಗಿ."

ಗಟ್ಟಿಯಾಗಿ ಹಿಡಿ ಅಂದರೆ ಕೆಲಸದವಳಿಗೆ ಒಂದೇ ಅರ್ಥ. ಇದ್ದಬಿದ್ದ ಶಕ್ತಿಯನ್ನೆಲ್ಲ ಹಾಕಿ ಹಿಡಿದಳು. ಡಾಕ್ಟರು ಬೆರಳು ಕೊಡವಿಕೊಂಡರು.

"ಮುರದ ಬಿಡ್ತಿದ್ದೆಲ್ಲವ್ವಾ. ನಾಟಕ ಮಾಡಾಕ ಬಂದೀ ಏನ? ಹತ್ತು ಬರೀತೇನಿ, ನಡಿ."

ಬಾಗಿಲಿಂದ ದುಂಡೇಶ ಗಂಟಲು ಸರಿಮಾಡಿಕೊಂಡ. "ಸಾಹೇಬ್ರು ಏನರ ಬರೀಲಿ ಕಸ್ತೂರಿ, ನಡುಗೂ ಕೈಯಾಗ ಕೊಯ್ತಾ ಕೊಟ್ರ ಮಗ್ಗಲದವರ ಕುತ್ತಿಗಿ ಹೋಗ್ತೈತಿ. ಈ ಸಲ ನಿನ್ನ ಒಯ್ಯೂದಿಲ್ಲ."

ಅವಳು ಇವನ ಮುಖ ನೋಡಿದಳು, ಅವರ ಮುಖ ನೋಡಿದಳು. ಕೈ ಒಂದೇ. ಒಬ್ಬರಿಗೆ ಅದು ಗಟ್ಟಿ, ಇನ್ನೊಬ್ಬನಿಗೆ ಕೆಟ್ಟದ್ದು.

"ಏಳ, ಏಳ," ಅಂದ ಸಿಪಾಯಿ.

"ಏಳೂದಿಲ್ಲ." ಅವಳ ದನಿ ಏರಲಿಲ್ಲ. "ಕೈ ಛಲೋ ಐತಂದ್ರ ಇಂವಾ ಟ್ಯಾಕ್ಟರ್ ಹತ್ತಿಸ್ಲಿ. ಕೆಟ್ಟೈತಂದ್ರ ನೀವು ಬರೀರಿ. ಇಬ್ರೂ ಕೂಡಿ ಒಂದ ಮಾತು ಆಡ್ರಿ. ನಿಮ್ಮಿಬ್ಬರ ನಡುವ ನಾ ಸಾಯೂದಿಲ್ಲ."

ಮೇಜಿನ ಮೇಲೆ ಶ್ರೀಶೈಲಪ್ಪನ ಕಾಗದವನ್ನು ಆಗಲೇ ಬಿಚ್ಚಿಟ್ಟಿದ್ದರು, ಸಹಿಯೊಂದೇ ಬಾಕಿ. ಕಸ್ತೂರೆವ್ವ ಅದರ ಮೇಲೆ ಬಲಗೈ ಇಟ್ಟಳು. ಇಟ್ಟು, ಸಡಿಲ ಬಿಟ್ಟಳು. ಇಷ್ಟು ದಿನ ಸೆರಗಿನಲ್ಲಿ ಬಚ್ಚಿಟ್ಟಿದ್ದ ಕೈ ಎಲ್ಲರೆದುರು ಗಡಗಡ ನಡುಗತೊಡಗಿತು. ಕಾಗದ ಪಟಪಟ ಅಂದಿತು, ಪೆನ್ನು ಉರುಳಿ ಕೆಳಗೆ ಬಿತ್ತು.

"ಕೈ ತಗೀ," ಅಂದರು ಡಾಕ್ಟರು. ಅವಳು ತೆಗೆಯಲಿಲ್ಲ. ಅವರು ಸಿಪಾಯಿಯ ಕಡೆ ಬಾಗಿ, ಮೆಲ್ಲಗೆ, ಪೊಲೀಸರಿಗೆ ಫೋನು ಹಚ್ಚು ಅಂದರು.

"ಪೊಲೀಸರು ಯಾಕಲೇ ದುಂಡ್ಯಾ?" ಎಂದು ಹೊರಗಿನ ಬೆಂಚಿನಿಂದ ಶ್ರೀಶೈಲಪ್ಪ ಗಾಬರಿಯಾಗಿ ಕೇಳಿದ.

ಯಾರೂ ನಗಲಿಲ್ಲ. ಸುನಂದಾ ಬಂದು ಮಗ್ಗಲಲ್ಲಿ ನಿಂತಳು. ಕಸ್ತೂರೆವ್ವನ ಕಣ್ಣು ಮತ್ತೆ ಆ ಒಣಗಿದ ಕಾಲಿನ ಮೇಲೆ ಹೋಯಿತು, ಹೊಟ್ಟೆ ಮತ್ತೆ ಉರಿಯಿತು. ಹೋಗು ಎಂದು ಮಾತ್ರ ಅನ್ನಲಿಲ್ಲ.

ಸಿಪಾಯಿ ಕಸ್ತೂರೆವ್ವನ ಮಣಿಕಟ್ಟು ಹಿಡಿದು ಜಗ್ಗಿದ. ನಡುಕ ಅವನ ತೋಳಿಗೂ ಏರಿತು. ಅವನು ಹೌಹಾರಿ ಕೈ ಬಿಟ್ಟು ಹಿಂದೆ ಸರಿದ.